ಬಿ.ಪಿ. ಕ್ಯಾಂಪು ಡೇರಿ ಹತ್ರ ಯಾಕಾಗಬಾರದು?

ರಾಗಿ ಕೊಯ್ಲು ಮುಗೀತು, ಮೆದೆ ಹಾಕಿದ್ದಾಯ್ತು. ಇವತ್ತು ಬೆಳೆ ವಿಷಯ ಬಿಟ್ಟು ಬೇರೆ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಪಕ್ಕದ ಹೊಲದ ಅಣ್ಣನಿಗೆ ಹೋದ ತಿಂಗಳು ಲಕ್ವ ಹೊಡೀತು. ವಯಸ್ಸು 52. ಬಿ.ಪಿ. ಇತ್ತು ಅನ್ನೋದು ಆಸ್ಪತ್ರೆಗೆ ಸೇರಿಸಿದ ಮೇಲೆ ಗೊತ್ತಾಗಿದ್ದು. ಈಗ ಬಲಗೈ ಏಳಲ್ಲ. ಅವರ ರಾಗಿನ ನಾಲ್ಕು ಮನೆಯವರು ಮುಯ್ಯಾಳಲ್ಲಿ ಕುಯ್ದು ಕೊಟ್ವಿ. ಅಣ್ಣ ಬದುವಿನ ಮೇಲೆ ಕೂತು ನೋಡ್ತಿದ್ದರು, ಒಂದು ಮಾತೂ ಆಡಲಿಲ್ಲ.

ಅದಕ್ಕೆ ಮೂರು ವಾರ ಮೊದಲು ನಮ್ಮೂರ ಶಾಲೆ ಹತ್ರ ಬಿ.ಪಿ., ಶುಗರ್ ಕ್ಯಾಂಪ್ ನಡೆದಿತ್ತು. ಬುಧವಾರ, ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಲ್ಲಿ ಊರಲ್ಲಿ ಯಾರಿರ್ತಾರೆ ಹೇಳಿ? ಹಿಂದಿನ ಸಲ ತೋರಿಸಿಕೊಂಡಿದ್ದ ಅಜ್ಜ ಅಜ್ಜಿಯರೇ ಮತ್ತೆ ತೋರಿಸಿಕೊಂಡ್ರು. ಅಣ್ಣ ಹೊಲದಲ್ಲಿದ್ರು. ನಾನೂ ಹೊಲದಲ್ಲೇ ಇದ್ದೆ.

ಸಿಸ್ಟರ್, ಆಶಾ ಅಮ್ಮನ ತಪ್ಪು ಅಂತ ನಾನು ಹೇಳಲ್ಲ. ಮೇಲಿಂದ ದಿನ ಬರುತ್ತೆ, ಅವರು ಬರ್ತಾರೆ. ನಮ್ಮ ಪಂಚಾಯಿತಿ ಬಾಯಿ ಬಿಟ್ಟು ಕೇಳಲಿಲ್ಲವಲ್ಲ, ನನ್ನ ತಕರಾರು ಅದು.

ನನ್ನ ತಂಗಿ ಮಗಳು ಇಂಗ್ಲೆಂಡಿನಲ್ಲಿ ನರ್ಸು. ಅಲ್ಲಿ 2013ರಿಂದ ಜನರ ಕಾಯಿಲೆ ತಡೆಯೋ ಕೆಲಸ ಸ್ಥಳೀಯ ಕೌನ್ಸಿಲ್‌ಗಳ ಹೆಗಲಿಗೆ ಬಂತಂತೆ. 40ರಿಂದ 74 ವರ್ಷದವರಿಗೆ, ಈಗಾಗಲೇ ಹೃದಯ, ಶುಗರ್ ಕಾಯಿಲೆ ಇಲ್ಲದವರಿಗೆ, 5 ವರ್ಷಕ್ಕೊಮ್ಮೆ ತಪಾಸಣೆ. ತುಂಬಾ ಕಡೆ ಕೌನ್ಸಿಲ್ಲೇ ಊರ ಡಾಕ್ಟರ ಕ್ಲಿನಿಕ್‌ಗೆ ದುಡ್ಡು ಕೊಟ್ಟು ಈ ಕೆಲಸ ಮಾಡಿಸುತ್ತೆ. ಅಲ್ಲೂ ಕರೆದವರೆಲ್ಲ ಬರಲ್ಲವಂತೆ, ದುಡ್ಡು ಸಾಲಲ್ಲ ಅನ್ನೋ ಗಲಾಟೆಯೂ ಇದೆಯಂತೆ. ಆದ್ರೆ ಯಾರಿಗೆ, ಏನು ಬೇಕು ಅಂತ ಕೇಳೋದು ಊರಿನ ಕೌನ್ಸಿಲ್ಲು.

ನಮ್ಮಲ್ಲಿ ಡಾಕ್ಟರು, ಸಿಸ್ಟರು ಸರ್ಕಾರದವರು, ಪಂಚಾಯಿತಿ ಸಂಬಳ ಕೊಡಲ್ಲ, ನಿಜ. ಹಾಗಂತ ಕೈ ಕಟ್ಟಿಲ್ಲ. ಊರೂರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಇರಬೇಕು. ಪಂಚಾಯಿತಿ ಮೆಂಬರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಕಾರ್ಯದರ್ಶಿ. ತಿಂಗಳಿಗೊಂದು ಸಭೆ, ವರ್ಷಕ್ಕೆ 10,000 ರೂಪಾಯಿ ತನಕ ಅನುದಾನ. ನಿಮ್ಮೂರಲ್ಲಿ ಸಭೆ ಆಗಿದ್ದು ಯಾರಾದ್ರೂ ಕಂಡಿದ್ದೀರಾ? ನಾನು ಪುಸ್ತಕದಲ್ಲಿ ಸಹಿ ಕಂಡಿದ್ದೀನಿ, ಅಷ್ಟೇ. ದುಡ್ಡು ಬ್ಲೀಚಿಂಗ್ ಪೌಡರ್‌ಗೆ ಹೋಗಿದೆ. ಬ್ಲೀಚಿಂಗ್ ಬೇಡ ಅಂತಲ್ಲ, ಅದೊಂದೇ ಆರೋಗ್ಯವಾ?

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಬೆಳಿಗ್ಗೆ ಆರೂವರೆಗೆ, ಸಂಜೆ ಆರಕ್ಕೆ ಊರೆಲ್ಲ ಹಾಲಿನ ಕ್ಯಾನು ಹಿಡ್ಕೊಂಡು ಡೇರಿ ಹತ್ರ ನಿಲ್ತೀವಿ. ಅಲ್ಲಿಗೆ ತಿಂಗಳಿಗೊಂದು ಸಲ ಬಿ.ಪಿ. ಮೆಷಿನ್ ಬರಲಿ. 30 ವರ್ಷ ದಾಟಿದವರಿಗೆಲ್ಲ ಬಿ.ಪಿ., ಶುಗರ್ ನೋಡಬೇಕು ಅಂತ ಸರ್ಕಾರದ್ದೇ ಕಾರ್ಯಕ್ರಮ ಇದೆ, ಹೊಸದಾಗಿ ಕೇಳ್ತಿಲ್ಲ. ಸಿಸ್ಟರು ಅಷ್ಟು ಬೇಗ ಬರಬೇಕು ಅಂದ್ರೆ ಕರೆತರೋಕೆ ಗಾಡಿ ವ್ಯವಸ್ಥೆ ಪಂಚಾಯಿತಿ ಮಾಡಲಿ. ಬಿ.ಪಿ. ಇದೆ ಅಂದವರಿಗೆ ಮುಂದಿನ ತಿಂಗಳ ಮಾತ್ರೆ ಅಲ್ಲೇ ಸಿಗಲಿ. ಇದು ಮುಖ್ಯ. ಒಂದಿನ ಅಳೆದು, ಚೀಟಿ ಕೊಟ್ಟು ಕಳಿಸಿದ್ರೆ ಚೀಟಿ ಜೇಬಲ್ಲೇ ಒಗೆದು ಹೋಗುತ್ತೆ.

ಕೆಲವರು, "ಪಂಚಾಯಿತಿಗೆ ಚರಂಡಿ ಮಾಡಿಸೋಕೇ ಆಗ್ತಿಲ್ಲ, ಇದೆಲ್ಲಿ" ಅಂತೀರಿ. ಚರಂಡಿಗೆ ಲಕ್ಷಗಟ್ಟಲೆ ಬೇಕು ಸ್ವಾಮಿ. ಇದಕ್ಕೆ ಒಂದು ಠರಾವು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಒಂದು ಪತ್ರ, ಗಾಡಿ ಪೆಟ್ರೋಲು.

ಮುಂದಿನ ಗ್ರಾಮಸಭೆಯಲ್ಲಿ ಇಡೋಕೆ ಅರ್ಜಿ ಬರೆದಿದ್ದೀನಿ. ಬಾಯಲ್ಲಿ ಹೇಳಿದ್ರೆ ಗಾಳಿಗೆ ಹೋಗುತ್ತೆ, ಪಿಡಿಒ ಹತ್ರ ಸೀಲು ಹಾಕಿಸಿ ಒಂದು ಪ್ರತಿ ಇಟ್ಕೋಬೇಕು. ಸಹಿ ಹಾಕೋರು ನಾಳೆ ಬೆಳಿಗ್ಗೆ ಡೇರಿ ಹತ್ರ ಸಿಗಿ, ಪೆನ್ನು ನಾನೇ ತರ್ತೀನಿ. ಅಣ್ಣ ಎಡಗೈಲಿ ಹೆಬ್ಬೆಟ್ಟು ಒತ್ತಿದ್ದಾರೆ, ಮೊದಲನೇದು ಅವರದೇ.