ಉತಾರ ಸೋವಿ, ತಿದ್ದುಪಡಿ ತುಟ್ಟಿ

ಮೃತರ ಹೆಸರಿನಲ್ಲೇ ಉಳಿದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಂದೋಲನದ ಅಂಕಿಗಳು ಮೆರವಣಿಗೆ ಹೊರಟಿವೆ. ಇಷ್ಟು ಪಹಣಿಗೆ ಆಧಾರ್ ಜೋಡಿಸಿದೆವು, ಇಷ್ಟು ಮೃತರ ಹೆಸರು ತೆಗೆದೆವು ಎನ್ನುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಗೆಲುವಿನ ಕತೆಗೇ. ಆ ಕತೆಯನ್ನು ನಾವು ಇಪ್ಪತ್ತು ವರ್ಷಗಳಿಂದ ಅರ್ಧವೇ ಓದುತ್ತಿದ್ದೇವೆ. ಉಳಿದರ್ಧ ಓದುವ ತನಕ ಹೊಸ ಆಂದೋಲನಕ್ಕೆ ಚಪ್ಪಾಳೆ ತಟ್ಟಲು ನಾನಂತೂ ತಯಾರಿಲ್ಲ.

ಎಲ್ಲರ ಬಾಯಲ್ಲಿರುವ ಅಂಕಿ 66 ಮತ್ತು 3. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಸಮೀಕ್ಷೆ ನಡೆಸಿದಾಗ, ಕೈಬರಹದ ಕಾಲದಲ್ಲಿ ಲಂಚ ಕೊಟ್ಟಿದ್ದೆವು ಎಂದವರು ನೂರಕ್ಕೆ 66 ಮಂದಿ. ಭೂಮಿ ಕೇಂದ್ರದಲ್ಲಿ ಕೊಟ್ಟೆವು ಎಂದವರು ಮೂರೇ ಮಂದಿ. ಇದು ಸುಳ್ಳಲ್ಲ. ತಲಾಟಿಯ ಬಾಗಿಲು ಕಾಯುತ್ತಿದ್ದವರು 15 ರೂಪಾಯಿ ಕೊಟ್ಟು ಕಿಟಕಿಯಲ್ಲೇ ಉತಾರ ಈಸಿಕೊಂಡರು. (ಪಹಣಿ ಎನ್ನುವುದು ಇಲಾಖೆಯ ಮಾತು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಮಂದಿಗೆ ಅದು ಉತಾರ.)

ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ಯಾರೂ ಎತ್ತುವುದಿಲ್ಲ. ತಪ್ಪಿಲ್ಲದ ಉತಾರ ಸಿಕ್ಕಿತು ಎಂದವರು ಹಳೆಯ ಪದ್ಧತಿಯಲ್ಲಿ ನೂರಕ್ಕೆ 63 ಇದ್ದರು, ಕಂಪ್ಯೂಟರ್ ಬಂದ ಮೇಲೆ 74. ಲಂಚ 66ರಿಂದ 3ಕ್ಕೆ ಇಳಿದರೆ, ತಪ್ಪು 37ರಿಂದ 26ಕ್ಕೆ ಇಳಿಯಿತು, ಅಷ್ಟೇ. ತಪ್ಪು ಕಂಡವರಲ್ಲಿ ನೂರಕ್ಕೆ 93 ಮಂದಿ ತಿದ್ದುಪಡಿಗೆ ಅರ್ಜಿ ಹಾಕಿದರು. ಸಕಾಲಕ್ಕೆ ಉತ್ತರ ಸಿಕ್ಕಿದ್ದು ನೂರಕ್ಕೆ 58 ಮಂದಿಗೆ. ಹಳೆಯ ಕಾಲದಲ್ಲಿ ಅದು ನಾಲ್ಕೇ ಆಗಿತ್ತು ಎಂಬ ಸಮಾಧಾನ ಬೇಕಿದ್ದರೆ ಮಾಡಿಕೊಳ್ಳಿ. ಆದರೆ ಮುದ್ರಿತ ಉತಾರ ಹಿಡಿದುಕೊಂಡು ಕಿಟಕಿಯಿಂದ ಹೊರಬಂದ ನಾಲ್ವರಲ್ಲಿ ಒಬ್ಬನ ಕೈಯಲ್ಲಿ ತಪ್ಪು ಕಾಗದ ಇತ್ತು. ಅಷ್ಟರಲ್ಲಿ ಕೈಬರಹದ ಉತಾರಕ್ಕೆ ಕಾನೂನಿನ ಬೆಲೆಯೂ ಹೋಗಿತ್ತು. ಸುಮಾರು 9,000 ತಲಾಟಿಗಳ ದಪ್ತರಗಳಲ್ಲಿದ್ದ ಎರಡು ಕೋಟಿ ದಾಖಲೆಗಳು ತಮ್ಮ ಗೀಚು, ಗಲತ್ತುಗಳ ಸಮೇತ ಕಂಪ್ಯೂಟರಿನೊಳಗೆ ಹೋಗಿ ಗಟ್ಟಿಯಾಗಿ ಕುಳಿತವು.

ಬೆಂಗಳೂರು ಐಐಎಂನಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಪ್ರಾಧ್ಯಾಪಕರಾಗಿದ್ದ ರಾಹುಲ್ ಡೇ 2005ರಲ್ಲೇ ಭೂಮಿಯನ್ನು ಮುಂದಿಟ್ಟುಕೊಂಡು, ಇ-ಆಡಳಿತದಲ್ಲಿ ಯಾರ ಹಿತ ಯಾರಿಗೆ ಅಡ್ಡ ಬರುತ್ತದೆ ಎಂಬ ಪ್ರಶ್ನೆ ಎತ್ತಿದ್ದರು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಓಡಾಡಿ, ಜಮೀನು ವ್ಯವಹಾರದಲ್ಲಿ ಲಂಚವೂ ಕಾಯುವ ದಿನಗಳೂ ಹೆಚ್ಚಿವೆ ಎಂದು ಬರೆದರು. ವಿಧಾನಸೌಧದ ಭಾಷಣಗಳಿಗೆ ಇವರಾರೂ ಬೇಕಾಗಲಿಲ್ಲ. 66 ಮತ್ತು 3 ಸಾಕಾಯಿತು.

ಕಾಗದ ಒಂದು ಹೇಳಿ ಹೊಲ ಇನ್ನೊಂದು ಹೇಳಿದರೆ ಏನಾಗುತ್ತದೆ ಎಂದು ತಿಳಿಯಲು ನರಗುಂದದವರಿಗೆ ಪ್ರಾಧ್ಯಾಪಕರು ಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟು ಎಂದು ದಾಖಲೆಯಲ್ಲಿ ಬರೆದುಕೊಂಡ ಸರ್ಕಾರ, ಕಾಲುವೆ ನೀರು ನೆಟ್ಟಗೆ ಮುಟ್ಟದ ಎರಿ ಹೊಲಗಳಿಗೂ ಅಭಿವೃದ್ಧಿ ಕರ ಹೇರಿತು. 1980ರ ಜುಲೈ 21ರಂದು ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ಆಗ ಕಂಪ್ಯೂಟರ್ ಎಲ್ಲಿತ್ತು? ‘ನೀರಾವರಿ’ ಎಂಬ ಒಂದು ನೋಂದಣಿ ಸಾಕಾಯಿತು. ಜುಲೈ 21ಕ್ಕೆ ವೀರಗಲ್ಲಿಗೆ ಮಾಲೆ ಹಾಕಲು ಬರುವ ನಾಯಕರು ಇದನ್ನೊಂದು ಕರದ ಜಗಳ ಎಂದೇ ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ತಪ್ಪು ದಾಖಲೆಯ ಜಗಳವೂ ಹೌದು.

ಈಗ ಆ ದಾಖಲೆಗೆ ಆಧಾರ್ ಬೆಸುಗೆ ಬೀಳುತ್ತಿದೆ. ಉತಾರದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದು ತಂದೆಯ ಹೆಸರಿಗೇ ಮುಗಿದಿದೆ. ಮೊದಲು ಇಂಥ ವ್ಯತ್ಯಾಸ ಊರಿನ ತಲಾಟಿಗೆ ಗೊತ್ತಿರುತ್ತಿತ್ತು. ಬೆಳೆ ಪರಿಹಾರ ಈಗ ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಹಿಡಿದು ಬ್ಯಾಂಕ್ ಖಾತೆಗೆ ಬರುವುದರಿಂದ, ಹೆಸರುಕಾಳು ಗಿಡದಲ್ಲೇ ಮೊಳಕೆಯೊಡೆದ ವರ್ಷ ಒಂದಕ್ಷರದ ತಪ್ಪಿಗೂ ದುಡ್ಡು ನಿಲ್ಲುತ್ತದೆ. ಪೌತಿ ಖಾತೆಯ ಮಾತಿಗೆ ಬಂದರೆ, ವಾರಸಾ ಮಾಡಿಸಿಕೊಳ್ಳದ ಮನೆಗಳಲ್ಲಿ ಸೋಮಾರಿತನಕ್ಕಿಂತ ತಕರಾರೇ ಹೆಚ್ಚು: ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗಿಲ್ಲ, ಅಕ್ಕತಂಗಿಯರ ಸಹಿ ಬಿದ್ದಿಲ್ಲ. ಶಿಬಿರ ಹಾಕಿದ ಮಾತ್ರಕ್ಕೆ ಅದು ಬಗೆಹರಿಯುವುದೇ?

ಲಾವಣಿ, ಅಂದರೆ ಗೇಣಿ, ಮಾಡುವವನ ಪಾಡಂತೂ ಕೇಳಲೇಬೇಡಿ. ಉತಾರದ 12ನೇ ಕಾಲಂ ಇರುವುದೇ ಸಾಗುವಳಿ ಮಾಡುವವನಿಗೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಯೇ ಕಾನೂನುಬಾಹಿರ, ಹಾಗಾಗಿ ಯಾವ ಮಾಲಕನೂ ಅಲ್ಲಿ ಲಾವಣಿದಾರನ ಹೆಸರು ಬರೆಸುವುದಿಲ್ಲ. ಬೀಜ, ಗೊಬ್ಬರದ ಸಾಲ ಇವನ ತಲೆಯ ಮೇಲೆ, ಪರಿಹಾರ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಇರುವ ಮಾಲಕನ ಖಾತೆಗೆ. ಆಧಾರ್ ಎಷ್ಟೇ ಜೋಡಿಸಿ, ಕಾಗದದಲ್ಲಿಲ್ಲದವನು ಜೋಡಣೆಯಾಗುವುದಿಲ್ಲ.

2002ರ ಅಂಕಿ ಹಳತಾಯಿತು, ಈಗ ಎಲ್ಲ ಸುಧಾರಿಸಿದೆ ಎನ್ನುವವರಿದ್ದಾರೆ. ಸುಧಾರಿಸಿದ್ದರೆ ತೋರಿಸಲಿ. ತಿದ್ದಬೇಕಾದ ಗ್ರಾಮ ಆಡಳಿತ ಅಧಿಕಾರಿಗಳೇ (ಅಂದರೆ ತಲಾಟಿಗಳೇ) ಒಂದು ಮೊಬೈಲಿಗೆ ಹೇರಿದ ಆ್ಯಪ್‌ಗಳ ಹೊರೆ ತಾಳದೆ 2024ರ ಸೆಪ್ಟೆಂಬರಿನಲ್ಲಿ ಮುಷ್ಕರಕ್ಕೆ ಕುಳಿತದ್ದನ್ನು ನೋಡಿದ್ದೇವೆ. ರೋಣ, ನರಗುಂದ, ಗಜೇಂದ್ರಗಡದ ಮೂರೂ ತಹಶೀಲ್ದಾರ್ ಕಚೇರಿಗಳ ಮುಂದೆ ತಿಂಗಳಿಗೊಮ್ಮೆ ಒಂದು ಫಲಕ ಬೀಳಲಿ: ತಿದ್ದುಪಡಿಗೆ ಎಷ್ಟು ಅರ್ಜಿ ಬಂದವು, ಎಷ್ಟು ಮುಗಿದವು, ಎಲ್ಲಕ್ಕಿಂತ ಹಳೆಯ ಅರ್ಜಿಗೆ ಎಷ್ಟು ದಿನವಾಯಿತು. ರೋಣದ ಹೊಟ್ಟೆಯಿಂದ ಹೊರಬಂದ ಗಜೇಂದ್ರಗಡ ತಾಲ್ಲೂಕು, ರೋಣದಿಂದ ತನಗೆ ಬಂದ ಕಡತಗಳ ಲೆಕ್ಕದಿಂದಲೇ ಇದನ್ನು ಶುರು ಮಾಡಬಹುದು.