ಮೂರು ಗಂಟೆ ಎಂದರೆ ಒಂಬತ್ತು ಗಂಟೆ

ಮೂರು ಗಂಟೆಗೆ ಸಭೆ ಎಂದಿದ್ದರು. ನಾನು ಎರಡೂ ಮುಕ್ಕಾಲಿಗೇ ಹೋಗಿ ಮರದ ಕೆಳಗೆ ನಿಂತಿದ್ದೆ. ಚೀಲದಲ್ಲಿ ಚಾರ್ಟುಗಳು, ಸ್ಕೆಚ್ ಪೆನ್ನು, ಹಾಜರಿ ಪುಸ್ತಕ. ಮೂರೂವರೆಯಾಯಿತು, ನಾಲ್ಕಾಯಿತು, ಒಬ್ಬರೂ ಬರಲಿಲ್ಲ. ‘ಇಲ್ಲಿನ ಜನಕ್ಕೆ ಸಮಯಪಾಲನೆ ಗೊತ್ತಿಲ್ಲ’ ಎಂದು ಡೈರಿಯಲ್ಲಿ ಬರೆದೂಬಿಟ್ಟೆ. ಆಮೇಲೆ ತಿಳಿಯಿತು. ಹೆಂಗಸರು ಬೆಳಿಗ್ಗೆ ಒಂಬತ್ತಕ್ಕೇ ಬಂದು, ಹನ್ನೊಂದರವರೆಗೆ ನನಗಾಗಿ ಕಾದು, ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದರು.

ಇದು ನಡೆದದ್ದು ತಾಂಜಾನಿಯಾದ ದೊಡೊಮಾ ಸಮೀಪದ ಒಂದು ಹಳ್ಳಿಯಲ್ಲಿ. ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡಾದ್ದರಿಂದ ಅಲ್ಲಿ ಸೂರ್ಯ ವರ್ಷವಿಡೀ ಹೆಚ್ಚೂಕಡಿಮೆ ಆರರ ಸುಮಾರಿಗೆ ಹುಟ್ಟುತ್ತಾನೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ‘ಸಾ ತಾತು’, ಅಂದರೆ ಮೂರು ಗಂಟೆ, ನಮ್ಮ ಬೆಳಗಿನ ಒಂಬತ್ತು. ನಮ್ಮ ಪಂಚಾಂಗದ ಗಳಿಗೆ ಲೆಕ್ಕವೂ ಸೂರ್ಯೋದಯದಿಂದಲೇ ಶುರುವಾಗುವುದು. ‘ಹೊತ್ತು ಮಾರುದ್ದ ಏರಿದಾಗ ಬಾ’ ಎನ್ನುತ್ತಿದ್ದ ನಮ್ಮಜ್ಜಿಯನ್ನು ಕಳಿಸಿದ್ದರೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದಳೇನೋ.

ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಕ್ಷೇತ್ರಕಾರ್ಯಕ್ಕೆಂದು ಆರು ವಾರ ಅಲ್ಲಿಗೆ ಹೋಗಿದ್ದೆ. ನಾನು ಹಾವೇರಿ ಜಿಲ್ಲೆಯವಳು. ಟಿಕೆಟ್ಟಿಗೆ ಅಪ್ಪ ಗೋವಿನಜೋಳ ಮಾರಿದ ದುಡ್ಡು ಕೊಟ್ಟಿದ್ದ. ಹೊರಡುವ ಮುಂಚಿನ ತರಬೇತಿಯಲ್ಲಿ ವೀಸಾ, ಲಸಿಕೆ, ವಿಮೆ, ಫೋಟೊ ಹೇಗೆ ತೆಗೆಯಬೇಕು ಎಲ್ಲ ಹೇಳಿಕೊಟ್ಟರು. ಭಾಷೆಗೆಂದು ಒಂದು ಗಂಟೆಯನ್ನೂ ಇಟ್ಟಿರಲಿಲ್ಲ. ಇಂಗ್ಲಿಷ್ ನಡೆಯುತ್ತದೆ ಎಂದರು. ದಾರ್ ಎಸ್ ಸಲಾಮ್‌ನಲ್ಲಿ ನಡೆಯಿತು, 2024ರಲ್ಲಿ ಶುರುವಾದ ದೊಡೊಮಾದ ವಿದ್ಯುತ್ ರೈಲಿನಲ್ಲೂ ನಡೆಯಿತು. ಹಳ್ಳಿಯಲ್ಲಿ ನಿಂತುಹೋಯಿತು.

ಮೊದಲ ದಿನವೇ ಒಬ್ಬ ಮುದುಕಿಗೆ ‘ಹಲೋ’ ಎಂದೆ. ಆಕೆ ಮುಖ ತಿರುಗಿಸಿದಳು. ಹಿರಿಯರನ್ನು ಕಂಡರೆ ಕಿರಿಯರು ‘ಶಿಕಾಮೊ’ ಎನ್ನಬೇಕು, ಅವರು ‘ಮರಹಬಾ’ ಎನ್ನುತ್ತಾರೆ. ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬುದು ಶಿಕಾಮೊದ ಮೂಲ ಅರ್ಥವಂತೆ. ಕಾಲಿಗೆ ಬೀಳುವ ಊರಿನಿಂದ ಬಂದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಸಂಬಂಧದ ಹೆಸರುಗಳಂತೂ ತಲೆ ತಿರುಗಿಸಿದವು. ಅಲ್ಲಿ ‘ದಾದಾ’ ಎಂದರೆ ಅಕ್ಕ, ‘ಕಾಕಾ’ ಎಂದರೆ ಅಣ್ಣ, ‘ಮಾಮಾ’ ಎಂದರೆ ತಾಯಿ! ಆದರೆ ಚಾಯ್, ಚಪಾತಿ, ದುಡ್ಡಿಗೆ ಪೇಸಾ, ವಾಹನಕ್ಕೆ ಗಾರಿ ಎನ್ನುವುದನ್ನು ಕೇಳಿದಾಗ ಧೈರ್ಯ ಬಂತು. ನಮ್ಮ ಸವಣೂರಿನಲ್ಲಿ ಜನ ಬೆರಗಿನಿಂದ ನೋಡಲು ಬರುವ ದೊಡ್ಡಹುಣಸೆ ಮರ ಇಲ್ಲಿ ಹೊಲದ ಬದುವಿನಲ್ಲಿ ಸುಮ್ಮನೆ ನಿಂತಿರುತ್ತದೆ. ನಾನು ಕಾದು ನಿಂತದ್ದೂ ಅಂಥದ್ದೇ ಮರದ ಕೆಳಗೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಎಲ್ಲರಿಗೂ ಶಿಕಾಮೊ ಹೇಳಿ, ತಪ್ಪಾಯಿತು ಎಂದೆ. ನಕ್ಕರು. ನನಗೆ ವಹಿಸಿದ್ದ ಕೆಲಸ ಅವರಿಗೆ ‘ಹಣಕಾಸು ಸಾಕ್ಷರತೆ’ ಕಲಿಸುವುದು. ನಾನು ಚಾರ್ಟು ಬಿಡಿಸುವ ಮೊದಲೇ ಅವರು ತಮ್ಮ ಪೆಟ್ಟಿಗೆ ತಂದಿಟ್ಟರು. ‘ವಿಕೋಬಾ’ ಎನ್ನುವ ಉಳಿತಾಯ ಗುಂಪು ಅದು. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಮನೆಯಲ್ಲಿ. ಮೂವರೂ ಬರದೆ ಪೆಟ್ಟಿಗೆ ತೆರೆಯದು. ಪ್ರತಿಯೊಬ್ಬರೂ ಶಕ್ತಿಯಿದ್ದಷ್ಟು ಪಾಲು ಹಾಕುತ್ತಾರೆ, ಎಲ್ಲರೆದುರೇ ಎಣಿಸುತ್ತಾರೆ, ಅದರಲ್ಲೇ ಸಾಲ ಕೊಡುತ್ತಾರೆ. ಬಡ್ಡಿ ಹೊರಗೆಲ್ಲೂ ಹೋಗುವುದಿಲ್ಲ, ವರ್ಷದ ಕೊನೆಗೆ ಪಾಲಿನ ಪ್ರಕಾರ ಅವರಿಗೇ ಹಂಚಿಕೆಯಾಗುತ್ತದೆ. ಕಾಯಿಲೆ, ಸಾವಿಗೆಂದು ಬೇರೆ ಗಂಟು. ಓದು ಬಾರದ ಹೆಂಗಸೂ ಕಳೆದ ವಾರ ಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ಬಾಯಲ್ಲೇ ಹೇಳಿದಳು.

ಆಮೇಲೆ ಒಬ್ಬಾಕೆ, ಹಳ್ಳಿಯ ಕಾರ್ಯಕರ್ತೆಯ ಮೂಲಕ ಕೇಳಿದಳು: ‘ನಿಮ್ಮಮ್ಮನಿಗೆ ಸಾಲ ಯಾರು ಕೊಡುತ್ತಾರೆ? ಬಡ್ಡಿ ಯಾರಿಗೆ ಹೋಗುತ್ತದೆ?’

ಏನು ಹೇಳಲಿ? ಅವ್ವ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಸಂಘದ ಸಾಲ ಸಾಲದೆ ಮೈಕ್ರೊಫೈನಾನ್ಸಿನಿಂದಲೂ ತೆಗೆದಿದ್ದಳು. ಒಂದು ಕಂತು ತಪ್ಪಿದ ವಾರ ವಸೂಲಿಗೆ ಬಂದವರು ಕತ್ತಲಾದರೂ ನಮ್ಮ ಮನೆ ಕಟ್ಟೆ ಬಿಟ್ಟು ಏಳಲಿಲ್ಲ. ಅಪ್ಪ ಹಿತ್ತಲಿನಿಂದ ಹೊರಗೆ ಹೋಗಿದ್ದ. ಇಂಥ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಷ್ಟನ್ನೂ ಹೇಳಿದೆ. ಯಾರೂ ನಗಲಿಲ್ಲ. ಚಾರ್ಟುಗಳು ಚೀಲದಲ್ಲೇ ಉಳಿದವು.

ಅವರ ಪೆಟ್ಟಿಗೆಯಲ್ಲಿ ಎಲ್ಲವೂ ಚೆಂದವೆಂದಲ್ಲ. ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಒಮ್ಮೆಗೇ ಸಾಲ ಬೇಕಾಗುತ್ತದೆ, ಆಗ ಪೆಟ್ಟಿಗೆ ಸಣ್ಣದಾಗುತ್ತದೆ. ಆದರೆ ಅದನ್ನು ನಾನು ಕಂಡುಹಿಡಿಯಲಿಲ್ಲ, ಅವರೇ ಹೇಳಿದ್ದು.

ನನ್ನ ತಕರಾರು ಇರುವುದು ಕಾಲೇಜಿನ ನಮೂನೆಯ ಬಗ್ಗೆ. ವಾರಕ್ಕೊಮ್ಮೆ ತುಂಬಿಸಬೇಕಾದ ಅದರಲ್ಲಿ ಒಂದು ಕಲಂ: ‘ನೀವು ತಂದ ಬದಲಾವಣೆ’. ನಾಲ್ಕು ದಿನದಲ್ಲಿ, ನಮಸ್ಕಾರ ಹೇಳಲೂ ಬಾರದ ಹುಡುಗಿ ಏನು ಬದಲಾವಣೆ ತಂದಾಳು? ಆದರೂ ಅಲ್ಲಿ ಏನಾದರೂ ಬರೆಯಲೇಬೇಕು, ಅಂಕವಿದೆ. ಹಾಗಾಗಿ ನಾವೆಲ್ಲ ಬರೆಯುತ್ತೇವೆ. ‘ಹದಿನಾಲ್ಕು ಮಹಿಳೆಯರಲ್ಲಿ ಅರಿವು ಮೂಡಿಸಲಾಯಿತು’ ಎಂಬ ವಾಕ್ಯ ಅಲ್ಲಿಂದಲೇ ಬಯೊಡೇಟಾಕ್ಕೆ ಹೋಗುತ್ತದೆ, ಅಲ್ಲಿಂದ ಸಂದರ್ಶನಕ್ಕೆ. ವಿದೇಶಿ ಅನುಭವದ ಪ್ರಮಾಣಪತ್ರ ಕೆಲಸಕ್ಕೆ ಅನುಕೂಲವೆಂಬ ಆಸೆ ನನಗೂ ಇತ್ತು, ಈಗಲೂ ಇದೆ. ನಾನು ಹೋದದ್ದು ನನಗಾಗಿ. ಅದನ್ನು ಸೇವೆ ಎಂದು ಕರೆಯುವುದು ಮಾತ್ರ ಬೇಡ.

ಹೊರಡುವ ಮೊದಲು ಮೂರು ತಿಂಗಳು ಅಲ್ಲಿನ ಭಾಷೆ ಕಲಿಸಲಿ. ಮೊದಲ ಎರಡು ವಾರ ಯಾವ ಕೆಲಸವನ್ನೂ ವಹಿಸದೆ ಕಳೆ ತೆಗೆಯಲು, ನೀರು ತರಲು ಜೊತೆಗೆ ಕಳಿಸಲಿ. ವರದಿಯ ಒಂದು ಪ್ರತಿ ಸ್ವಾಹಿಲಿಯಲ್ಲಿ ಆ ಹೆಂಗಸರ ಕೈಗೂ ಹೋಗಲಿ, ಅವರು ಸರಿ ಎಂದ ಮೇಲೆಯೇ ಅಂಕ ಕೊಡಲಿ. ನಮ್ಮೂರಿಗೂ ಎಷ್ಟೋ ಸಲ ಸರ್ವೆಯವರು ಬಂದು ಹಸು ಎಷ್ಟು, ಸಾಲ ಎಷ್ಟು ಎಂದು ಬರೆದುಕೊಂಡು ಹೋಗಿದ್ದಾರೆ. ಅದರಿಂದ ಏನಾಯಿತೆಂದು ಹೇಳಲು ಒಬ್ಬರೂ ಮರಳಿ ಬಂದಿಲ್ಲ. ಅಜ್ಜಿ ಅವರಿಗೆ ಬೇಕೆಂದೇ ಸುಳ್ಳು ಹೇಳುತ್ತಿದ್ದಳು.

ಮೊದಲ ವಾರದ ನಮೂನೆಯಲ್ಲಿ ಆ ಕಲಂ ಖಾಲಿ ಬಿಟ್ಟು ಕಳಿಸಿದೆ. ಐದು ಅಂಕ ಹೋದವು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಪೆಟ್ಟಿಗೆಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು, ‘ಬಡ್ಡಿ ತಮಗಽ ಬರತೈತೇನ?’ ಎಂದು ಎರಡು ಸಲ ಕೇಳಿದಳು. ಆಮೇಲೆ, ‘ಆ ಮೂರು ಕೀಲಿ ಯಾರ್ಯಾರ ಕೈಯಾಗ ಇಡತಾರ, ಹೆಂಗ ಆರಸ್ತಾರ, ಸರಿಯಾಗಿ ಕೇಳ್ಕೊಂಡ ಬಾರವ್ವಾ’ ಎಂದಳು.