15 ಬೈಟ್‌ಗಳ ಕತಗಾಲ

ಕನ್ನಡಕ್ಕೆ ತನ್ನದೇ ಆದ ಆಪರೇಟಿಂಗ್ ಸಿಸ್ಟಂ ಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಭಿಮಾನದಿಂದ ಬಂದ ಮಾತು ನಿಜ; ಆದರೆ ಅದರಲ್ಲಿ ತಿರುಳಿಲ್ಲ. ಎಲ್ಲವನ್ನೂ ತಾನೇ ಮಾಡಲು ಹೊರಟ ತಂತ್ರಾಂಶ ಯಾವುದನ್ನೂ ಸರಿಯಾಗಿ ಮಾಡುವುದಿಲ್ಲ.

ಇದಕ್ಕೆ ಉದಾಹರಣೆಯಾಗಿ ಕುಮಟಾ–ಶಿರಸಿ ರಸ್ತೆಯಲ್ಲಿರುವ ಕತಗಾಲ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಲಿನಕ್ಸ್ ಕಂಪ್ಯೂಟರಿನಲ್ಲಿ ಕಡತವೊಂದಕ್ಕೆ ‘ಕತಗಾಲ’ ಎಂದು ಹೆಸರಿಟ್ಟರೆ, ಅದು ಕನ್ನಡವೆಂಬುದೇ ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನಲ್‌ಗೆ ತಿಳಿಯದು. ನಾಲ್ಕು ಅಕ್ಷರ, ಒಂದು ದೀರ್ಘ. ಒಟ್ಟು 5 ಸಂಕೇತ, ಒಂದೊಂದಕ್ಕೆ 3 ಬೈಟ್. ಕರ್ನಲ್ ಕಾಣುವುದು ಆ 15 ಬೈಟ್‌ಗಳನ್ನಷ್ಟೆ. ಕಡತದ ಹೆಸರಿನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಇರಕೂಡದು, ಉಳಿದದ್ದು ತನಗೆ ಸಂಬಂಧಿಸಿದ್ದಲ್ಲ ಎಂಬುದು ಅದರ ನಿಯಮ. ಲಿಪಿಗಳಿಗೆ ಸಂಕೇತ ಗೊತ್ತುಪಡಿಸುವ ಶಿಷ್ಟತೆಯಾದ ಯುನಿಕೋಡನ್ನು ಬೈಟ್‌ಗಳಾಗಿ ಬರೆಯಲು ಕೆನ್ ಥಾಮ್ಸನ್, ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8ರಲ್ಲಿ ಆ ಎರಡು ಬೈಟ್‌ಗಳು ಕನ್ನಡ ಅಕ್ಷರದೊಳಗೆ ಎಂದೂ ಬರುವುದಿಲ್ಲ. 1991ರಲ್ಲಿ ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಕನ್ನಡಕ್ಕಾಗಿ ಏನನ್ನೂ ಮಾಡಬೇಕಾಗಿ ಬರಲಿಲ್ಲ. ಲಿಪಿಯ ಗೊಡವೆಗೆ ಕರ್ನಲ್ ಹೋಗದೇ ಇದ್ದುದರಿಂದಲೇ ಕನ್ನಡ ಸಲೀಸಾಗಿ ಒಳಹೊಕ್ಕಿತು. ಒತ್ತು, ಅರ್ಕಾವತ್ತುಗಳನ್ನು ಕೂಡಿಸುವ ಹೊಣೆ ಹಾರ್ಫ್‌ಬಜ್ ಎಂಬ ಬೇರೊಂದು ತಂತ್ರಾಂಶದ್ದು. ಅಕ್ಷರಕ್ಕೆ ರೂಪ ಕೊಡುವುದು ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಹೆಸರಿಗೆ 255 ಬೈಟ್‌ಗಳ ಮಿತಿಯಿರುವಾಗ ಇಂಗ್ಲಿಷಿಗೆ 255 ಅಕ್ಷರ ದಕ್ಕಿದರೆ ಕನ್ನಡಕ್ಕೆ ಸಿಗುವುದು 85 ಸಂಕೇತ. ಆದರೂ ಈ ಬೆಲೆ ದುಬಾರಿಯಲ್ಲ.

ಇಂಥ ಶಿಷ್ಟತೆ ಇಲ್ಲದಿದ್ದ ಕಾಲದ ಪಾಡು ಡಿಟಿಪಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದ್ದನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ ಎದುರಾಗುತ್ತವೆ. ಆದರೂ ಕಂಪ್ಯೂಟರುಗಳಿಗೆ ಕನ್ನಡವೇ ಬಾರದಿದ್ದ ದಿನಗಳಲ್ಲಿ ನುಡಿಯಿಂದ ಆದದ್ದು ದೊಡ್ಡ ಉಪಕಾರ. ಮುಂದೆ ಅದೂ ಯುನಿಕೋಡ್‌ಗೆ ಬಂತು.

ಶಿಷ್ಟತೆಯನ್ನು ದೂರದ ಸಮಿತಿಯೊಂದು ತೀರ್ಮಾನಿಸುತ್ತದೆ, ಸಣ್ಣ ಭಾಷೆಗಳು ಬಾಗಿಲಲ್ಲಿ ಕಾಯಬೇಕಾಗುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು. ಕುಮಟಾ, ಹೊನ್ನಾವರ, ಭಟ್ಕಳದ ಕೊಂಕಣಿಯೇ ಇದಕ್ಕೆ ಸಾಕ್ಷಿ. ಮೂಗಿನಲ್ಲಿ ನುಡಿಯುವ ಕೊಂಕಣಿ ಸ್ವರಗಳನ್ನು ಕನ್ನಡ ಲಿಪಿಯಲ್ಲಿ ತೋರಿಸಲು ಅಕ್ಷರದ ಬಲಮೇಲ್ಭಾಗದಲ್ಲಿ ಕೂರುವ ಅನುಸ್ವಾರ ಬೇಕು. ಕನ್ನಡ ಲಿಪಿ 1991ರ ಮೊದಲ ಯುನಿಕೋಡ್‌ನಲ್ಲೇ ಇತ್ತು. ಈ ಚಿಹ್ನೆ ಬಂದದ್ದು 2022ರ 15ನೇ ಆವೃತ್ತಿಯಲ್ಲಿ. ಮೂವತ್ತು ವರ್ಷ ಮೀರಿದ ವಿಳಂಬವನ್ನು ಯಾರೂ ಸಮರ್ಥಿಸಲಾರರು. ಆದರೆ ಬಂದ ಮೇಲೆ ಅದು ಎಲ್ಲ ಆಪರೇಟಿಂಗ್ ಸಿಸ್ಟಂಗಳಿಗೂ ಒಂದೇ ಸಂಕೇತವಾಗಿ ಬಂತು. ಪ್ರತ್ಯೇಕ ವ್ಯವಸ್ಥೆಯೊಂದು ಅದನ್ನು ಮರುದಿನವೇ ಸೇರಿಸಿಕೊಂಡಿದ್ದರೂ ಆ ಅಕ್ಷರ ಅಲ್ಲಿಂದಾಚೆ ದಾಟುತ್ತಿರಲಿಲ್ಲ. ಶಿಷ್ಟತೆಯೆಂದರೆ ಗುಲಾಮಗಿರಿ ಎನ್ನುವವರ ಕನ್ನಡ ಸಂದೇಶಗಳೂ ಊರಿಂದೂರಿಗೆ ತಲುಪುವುದು ಅದೇ ಯುನಿಕೋಡ್‌ನಲ್ಲಿ.

ಹೊಸ ಆಪರೇಟಿಂಗ್ ಸಿಸ್ಟಂ ಕಟ್ಟುವ ಹುಮ್ಮಸ್ಸಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇರುವ ಫಾಂಟ್‌ಗಳ ದೋಷ ತಿದ್ದಲಿ, ಒಳ್ಳೆಯ ಕಾಗುಣಿತ ಪರೀಕ್ಷಕ ಬರೆಯಲಿ. ಕಚೇರಿಗಳು, ಮುದ್ರಣಾಲಯಗಳು ಆಸ್ಕಿಯಲ್ಲಿ ಉಳಿದಿರುವ ಕಡತಗಳನ್ನು ಈಗಲೇ ಯುನಿಕೋಡ್‌ಗೆ ಬದಲಾಯಿಸಲಿ.